ಕ್ರಯದ ಕರಾರೂ ಕೊಳ್ಳುವವನ ಹಕ್ಕೂ

ಮನೆಯನ್ನೋ ನಿವೇಶನವನ್ನೋ ಕೊಳ್ಳಲು ಸಂಚಕಾರ ಕೊಟ್ಟು ಕರಾರುಪತ್ರ ಬರೆಯಿಸಿಕೊಂಡವನಿಗೆ, ಮಾರುವವನು ಮಾತಿಗೆ ತಪ್ಪಿದ ಪಕ್ಷದಲ್ಲಿ, ನಮ್ಮ ದೇಶದ ಕಾಯಿದೆಯು ಕೊಡುವ ಆಶ್ರಯವು ಎಷ್ಟರಮಟ್ಟಿನದೆಂಬ ಪ್ರಶ್ನೆಯು ಪಟ್ಟಣವಾಸಿಗಳಾದ ನಮ್ಮ ವಾಚಕರಲ್ಲಿ ಬಹು ಮಂದಿಗೆ ಒಂದಿಲ್ಲೊಂದು ದಿನ ಎದುರಾಗತಕ್ಕದ್ದೇ ಆಗಿದೆ. ನಿರ್ದಿಷ್ಟ ಪರಿಹಾರ ಕಾಯಿದೆಗೆ ೨೦೧೮ರಲ್ಲಿ ಮಾಡಿದ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ ೧ನೆಯ ತಾರೀಖಿನಿಂದ ಜಾರಿಗೆ ಬಂದಾಗ, ಈ ಪ್ರಶ್ನೆಗೆ ಕೊಳ್ಳುವವನ ಪರವಾಗಿ ಕೊನೆಯ ಉತ್ತರ ದೊರೆಯಿತೆಂದು ಅನೇಕರು ಸಂತೋಷಪಟ್ಟರು. ಅಷ್ಟು ಸಂತೋಷಪಡಲು ನಮಗೆ ಕಾರಣ ಕಾಣುವುದಿಲ್ಲ. ಆ ತಿದ್ದುಪಡಿಯು ತೆಗೆದುಹಾಕಿದ್ದು ನ್ಯಾಯಾಧೀಶರ ವಿವೇಚನೆಯನ್ನು. ಕೊಳ್ಳುವವನನ್ನು ನಿಜವಾಗಿ ಸೋಲಿಸುತ್ತ ಬಂದಿರುವುದಾದರೋ ದಾವೆಯ ವಿಳಂಬವೂ, ಆ ಅವಧಿಯಲ್ಲಿ ಏರುವ ಬೆಲೆಯೂ. ಅವು ಇದ್ದಲ್ಲಿಯೇ ಇವೆ.

ಮೊದಲು ಕರಾರುಪತ್ರವೆಂದರೆ ಏನೆಂಬುದನ್ನು ವಿಚಾರಿಸೋಣ. ಸಂಚಕಾರ ಕೊಟ್ಟೊಡನೆ ಸ್ವತ್ತು ಅರ್ಧ ತನ್ನದಾಯಿತೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಇದು ತಪ್ಪು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೪ನೆಯ ಕಲಮು, ಕ್ರಯದ ಕರಾರು ತನ್ನಷ್ಟಕ್ಕೆ ತಾನೇ ಆ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನಾಗಲಿ ಹೊಣೆಯನ್ನಾಗಲಿ ಹುಟ್ಟಿಸುವುದಿಲ್ಲವೆಂದು ನಿಸ್ಸಂದಿಗ್ಧವಾಗಿ ಹೇಳುತ್ತದೆ. ಇಂಗ್ಲೆಂಡಿನ ಕಾನೂನು ಕರಾರಾದ ಕ್ಷಣದಿಂದಲೇ ಕೊಳ್ಳುವವನನ್ನು ಧರ್ಮದೃಷ್ಟಿಯಿಂದ ಒಡೆಯನೆಂದು ಭಾವಿಸಿದರೆ, ನಮ್ಮ ಕಾನೂನು ಆ ಮಾರ್ಗವನ್ನು ಬೇಕೆಂದೇ ಬಿಟ್ಟಿತು. ಮುಂಗಡವಾಗಿ ತೆತ್ತ ಹಣದ ಮಟ್ಟಿಗೆ ಸ್ವತ್ತಿನ ಮೇಲೆ ಹೊಣೆಯುಂಟೆಂದು ೫೫ನೆಯ ಕಲಮು ಹೇಳುವುದು ನಿಜ; ಆದರೆ ಅದು ಹಣಕ್ಕೆ ಭದ್ರತೆಯೇ ಹೊರತು ಮನೆಗೆ ಹಕ್ಕಲ್ಲ. ಜನರಲ್ ಪವರ್ ಆಫ್ ಅಟಾರ್ನಿಯನ್ನು ಬರೆಯಿಸಿಕೊಂಡು ಅದನ್ನೇ ಕ್ರಯಪತ್ರವೆಂದು ಪೆಟ್ಟಿಗೆಯಲ್ಲಿಟ್ಟುಕೊಂಡವರಿಗೂ ಪರಮೋಚ್ಚ ನ್ಯಾಯಾಲಯವು ೨೦೧೧ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಇದೇ ಮಾತನ್ನು ಹೇಳಿದೆ. ನೋಂದಾಯಿತ ಕ್ರಯಪತ್ರವಿಲ್ಲದೆ ಒಡೆತನವಿಲ್ಲ. ಹೀಗಿರುವಲ್ಲಿ ಕರಾರುದಾರನ ಕೈಯಲ್ಲಿರುವುದು ಒಂದೇ: ಬೆಲೆಯ ಬಾಕಿಯನ್ನು ತೆಗೆದುಕೊಂಡು ಕ್ರಯಪತ್ರ ಬರೆದುಕೊಡುವಂತೆ ಮಾರುವವನನ್ನು ಬಲಾತ್ಕರಿಸಬೇಕೆಂದು ನ್ಯಾಯಾಲಯವನ್ನು ಬೇಡುವ ಹಕ್ಕು. ನಿರ್ದಿಷ್ಟ ಪಾಲನೆಯ ದಾವೆಯೆಂದು ವಕೀಲರು ಕರೆಯುವುದು ಇದನ್ನೇ.

೧೮೭೭ರ ಕಾಯಿದೆಯಲ್ಲಿಯೂ, ಅದರ ಸ್ಥಾನದಲ್ಲಿ ಬಂದ ೧೯೬೩ರ ಕಾಯಿದೆಯಲ್ಲಿಯೂ, ಈ ಹಕ್ಕು ನ್ಯಾಯಾಧೀಶರ ವಿವೇಚನೆಗೆ ಒಳಪಟ್ಟಿತ್ತು. ಭೂಮಿಗೆ ಭೂಮಿಯೇ ಸಾಟಿ, ಹಣದ ಪರಿಹಾರ ಸಾಲದೆಂದು ಕಾಯಿದೆಯು ಊಹಿಸಿಕೊಳ್ಳುತ್ತಿದ್ದಿತಾದರೂ, ಡಿಕ್ರಿ ಕೊಡುವುದು ಕಾನೂನುಸಮ್ಮತವೆಂಬಷ್ಟಕ್ಕೇ ಕೊಡಬೇಕಾಗಿಲ್ಲವೆಂದು ೨೦ನೆಯ ಕಲಮು ಹೇಳುತ್ತಿತ್ತು. ಕರಾರು ಕೊಳ್ಳುವವನಿಗೆ ಅನುಚಿತವಾದ ಮೇಲುಗೈಯನ್ನು ಕೊಡುವಂತಿದ್ದರೆ, ಅಥವಾ ಮಾರುವವನಿಗೆ ಅವನು ಮುಂಗಾಣಲಾರದಿದ್ದ ಸಂಕಟವನ್ನು ತರುವಂತಿದ್ದರೆ, ಡಿಕ್ರಿಯನ್ನು ನಿರಾಕರಿಸಬಹುದಾಗಿತ್ತು. ಬೆಲೆ ಕಡಮೆಯಾಯಿತೆಂಬುದೊಂದೇ ಅದಕ್ಕೆ ಸಾಕಾದ ಕಾರಣವಲ್ಲವೆಂಬ ಕಟ್ಟೂ ಅಲ್ಲಿಯೇ ಇತ್ತು.

ಕಾಲದ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಅನುಸರಿಸಿದ ತತ್ತ್ವವು ಇನ್ನೂ ಉದಾರವಾದದ್ದು. ಸ್ಥಿರಸ್ವತ್ತಿನ ಕರಾರಿನಲ್ಲಿ ತಾರೀಖನ್ನು ಗೊತ್ತುಮಾಡಿದ್ದರೂ ಆ ತಾರೀಖೇ ಕರಾರಿನ ಜೀವಾಳವೆಂದು ತಿಳಿಯತಕ್ಕದ್ದಲ್ಲವೆಂದು ಮುಂಬಯಿಯ ಒಂದು ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್ ೧೯೧೫ರಲ್ಲಿ ನಿರ್ಣಯಿಸಿತು. ೧೯೯೨ರಲ್ಲಿ ಪರಮೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಇದನ್ನೇ ಎತ್ತಿಹಿಡಿಯಿತಾದರೂ, ಯುಕ್ತವಾದ ಕಾಲದೊಳಗೆ ಕರಾರು ನೆರವೇರಬೇಕೆಂದು ಸೇರಿಸಿತು. ಬೆಲೆಗಳು ತಲೆಮಾರಿಗೊಮ್ಮೆ ಅಲುಗುತ್ತಿದ್ದ ಕಾಲದ ತತ್ತ್ವವಿದು. ಮಧುರೆಯ ಒಂದು ಮನೆಯ ಪ್ರಕರಣದಲ್ಲಿ ಇದರ ಅಭಾಸವು ಬೆಳಕಿಗೆ ಬಂದಿತು. ೧೯೭೮ರ ಡಿಸೆಂಬರಿನಲ್ಲಿ ೬೦,೦೦೦ ರೂಪಾಯಿಗೆ ಕರಾರಾಗಿ, ೫,೦೦೦ ರೂಪಾಯಿ ಸಂಚಕಾರ ಸಂದು, ಆರು ತಿಂಗಳಲ್ಲಿ ಕ್ರಯಪತ್ರವಾಗಬೇಕಾಗಿದ್ದಿತು. ಕೊಳ್ಳುವವನು ಎರಡೂವರೆ ವರ್ಷ ಸುಮ್ಮನಿದ್ದು ಆಮೇಲೆ ದಾವೆ ಹೂಡಿದನು. ಅಷ್ಟರಲ್ಲಿ ಬೆಲೆ ಮೂರು ಪಟ್ಟಾಗಿತ್ತೆಂಬ ಸಾಕ್ಷ್ಯವಿತ್ತು. ಪಟ್ಟಣದ ಸ್ವತ್ತುಗಳ ಬೆಲೆ ಹೀಗೆ ಹಾರುತ್ತಿರುವಾಗ ಹಳೆಯ ಉದಾರಸೂತ್ರವನ್ನು ಸಡಿಲಿಸಬೇಕಾದೀತೆಂದು ಪರಮೋಚ್ಚ ನ್ಯಾಯಾಲಯವು ೧೯೯೭ರಲ್ಲಿ ಹೇಳಿ ಡಿಕ್ರಿಯನ್ನು ನಿರಾಕರಿಸಿತು. ನ್ಯಾಯವಾದ ತೀರ್ಪೆಂದೇ ನಮ್ಮ ಭಾವನೆ.

ಆದರೆ ಬೆಲೆಯ ಏರಿಕೆಗೆ ಯಾರು ಹೊಣೆ? ಮಧುರೆಯ ಪ್ರಕರಣದಲ್ಲಿ ಮಲಗಿದವನು ಕೊಳ್ಳುವವನು. ಅನೇಕ ಪ್ರಕರಣಗಳಲ್ಲಿ ಮಲಗುವುದು ನ್ಯಾಯಾಲಯವೇ. ಮುಂಬಯಿಯ ಒಂದು ವಸತಿಯನ್ನು ೧೯೬೬ರಲ್ಲಿ ೬೦,೦೦೦ ರೂಪಾಯಿಗೆ ಕೊಳ್ಳಲು ಒಪ್ಪಿ, ಅದರಲ್ಲಿ ೩೫,೦೦೦ ರೂಪಾಯಿಗಳನ್ನು ತೆತ್ತಿದ್ದವರಿಗೆ ಪರಮೋಚ್ಚ ನ್ಯಾಯಾಲಯದಲ್ಲಿ ಜಯ ದೊರೆತದ್ದು ೨೦೦೨ರಲ್ಲಿ. ಅದೂ ೪೦ ಲಕ್ಷ ರೂಪಾಯಿಗಳನ್ನು ತೆರಬೇಕೆಂಬ ಷರತ್ತಿನ ಮೇಲೆ. ಮೂವತ್ತಾರು ವರ್ಷಗಳ ವಿಳಂಬದ ದಂಡವನ್ನು ಗೆದ್ದವನೇ ಕಟ್ಟಬೇಕಾಗಿ ಬಂದಾಗ, ಮಾತಿಗೆ ತಪ್ಪುವವನು ಏಕೆ ಹೆದರಬೇಕು? ಕ್ರಯಪತ್ರ ಬರೆದುಕೊಟ್ಟರೆ ಹಳೆಯ ಬೆಲೆ. ಬರೆದುಕೊಡದೆ ವಾಯಿದೆಯ ಮೇಲೆ ವಾಯಿದೆ ಕೇಳುತ್ತ ಹೋದರೆ, ಸೋತರೂ ಹೆಚ್ಚು ಬೆಲೆ, ಗೆದ್ದರೆ ಸ್ವತ್ತೇ ಉಳಿಯಿತು. ಈ ಲೆಕ್ಕವನ್ನು ಮಾಡಿಕೊಳ್ಳಲು ಯಾವ ವಕೀಲರ ಸಲಹೆಯೂ ಬೇಡ.

೨೦೧೮ರ ತಿದ್ದುಪಡಿಯ ಹಿನ್ನೆಲೆಯಲ್ಲಿದ್ದುದು ಈ ಸಾಮಾನ್ಯ ಮನುಷ್ಯನ ಅಳಲೇ ಎಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಕರಾರುಗಳನ್ನು ಜಾರಿಗೆ ತರುವುದರಲ್ಲಿ ವಿಶ್ವಬ್ಯಾಂಕು ೨೦೧೮ರ ವರದಿಯಲ್ಲಿ ನಮ್ಮ ದೇಶಕ್ಕೆ ೧೬೪ನೆಯ ಸ್ಥಾನವನ್ನು ಕೊಟ್ಟಿತ್ತು. ಒಂದು ಕರಾರಿನ ವ್ಯಾಜ್ಯ ಮುಗಿಯಲು ೧,೪೪೫ ದಿನಗಳು ಬೇಕೆಂದು ಲೆಕ್ಕ ಹಾಕಿತ್ತು. ಬಂಡವಾಳಗಾರರ ಮುಂದೆ ಆ ಅಂಕೆಯನ್ನು ಇಳಿಸಿ ತೋರಿಸಬೇಕೆಂಬುದು ಸರಕಾರದ ಆತುರವಾಗಿತ್ತು. (ಆ ವರದಿಯ ಪ್ರಕಟಣೆಯನ್ನೇ ವಿಶ್ವಬ್ಯಾಂಕು, ಅಂಕೆಗಳಲ್ಲಿ ಅಕ್ರಮಗಳು ಕಂಡುಬಂದವೆಂಬ ಕಾರಣದಿಂದ, ೨೦೨೧ರಲ್ಲಿ ನಿಲ್ಲಿಸಿಬಿಟ್ಟಿತು. ತಿದ್ದುಪಡಿ ಮಾತ್ರ ನಮ್ಮಲ್ಲಿ ಉಳಿದಿದೆ.) ಕಾಯಿದೆಯ ೧೦ನೆಯ ಕಲಮಿನಲ್ಲಿದ್ದ 'ಬಹುದು' ಹೋಗಿ 'ತಕ್ಕದ್ದು' ಬಂದಿತು, ವಿವೇಚನೆಯ ೨೦ನೆಯ ಕಲಮನ್ನು ಕಿತ್ತು ಆ ಅಂಕೆಯಡಿಯಲ್ಲಿ ಬೇರೊಂದು ವಿಷಯವನ್ನಿಟ್ಟರು. ಸಮನ್ಸು ಜಾರಿಯಾದ ಹನ್ನೆರಡು ತಿಂಗಳೊಳಗೆ ದಾವೆಯನ್ನು ತೀರ್ಮಾನಿಸಬೇಕು, ಕಾರಣ ಬರೆದಿಟ್ಟು ಹೆಚ್ಚೆಂದರೆ ಇನ್ನಾರು ತಿಂಗಳು ಬೆಳೆಸಬಹುದು ಎಂದೂ ವಿಧಿಸಿದರು. ಆ ಗಡುವು ಮೀರಿದರೆ ಏನೆಂಬುದನ್ನು ಕಾಯಿದೆಯು ಹೇಳುವುದಿಲ್ಲ. ನ್ಯಾಯಾಧೀಶರ ಸಂಖ್ಯೆಯನ್ನು ಹೆಚ್ಚಿಸದೆ ಗಡುವನ್ನು ಮಾತ್ರ ಬರೆದಿಟ್ಟರೆ ಅದು ಗೋಡೆಯ ಮೇಲಿನ ಬರೆಹವಾಗಿ ಉಳಿಯುತ್ತದೆ. ೨೦೧೮ಕ್ಕೆ ಹಿಂದಿನ ಕರಾರುಗಳಿಗೆ ಹೊಸ ನಿಯಮ ಅನ್ವಯಿಸದೆಂದು ಪರಮೋಚ್ಚ ನ್ಯಾಯಾಲಯವು ೨೦೨೨ರಲ್ಲಿ ಹೇಳಿತ್ತು; ಆ ತೀರ್ಪನ್ನೇ ೨೦೨೪ರ ನವೆಂಬರಿನಲ್ಲಿ ಪುನರವಲೋಕನದ ಮೇಲೆ ಹಿಂದಕ್ಕೆ ಪಡೆಯಲಾಯಿತು. ಹಳೆಯ ಕರಾರುದಾರರ ಸಂದಿಗ್ಧಕ್ಕೆ ಇದೊಂದು ಬೇರೆ ಸೇರಿಕೊಂಡಿತು.

ವಿವೇಚನೆಯನ್ನು ಕಿತ್ತದ್ದರಿಂದ ನಷ್ಟಪಟ್ಟವರೂ ಉಂಟೆಂಬುದನ್ನು ನಾವು ಮರೆಯಲಾಗದು. ಕರಾರುದಾರರೆಲ್ಲರೂ ವಾಸಕ್ಕೆ ಮನೆ ಹುಡುಕುವ ಗುಮಾಸ್ತರಲ್ಲ. ದೇವನಹಳ್ಳಿಯಲ್ಲಿ ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ನಡೆದ ವ್ಯವಹಾರಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗಳ ಮದುವೆಗೋ ಸಾಲದ ಕಂತಿಗೋ ಕೈಗೆ ಹಣ ಬೇಕಾದ ರೈತನಿಗೆ ಅಲ್ಪ ಮುಂಗಡವನ್ನು ಕೊಟ್ಟು, ಕರಾರಿಗೆ ಹೆಬ್ಬೆಟ್ಟನ್ನೊತ್ತಿಸಿಕೊಂಡು, ಆ ಕಾಗದವನ್ನೇ ಕೈಯಿಂದ ಕೈಗೆ ಲಾಭಕ್ಕೆ ದಾಟಿಸುವ ದಲ್ಲಾಳಿಗಳ ವರ್ಗವೊಂದು ಬೆಳೆದಿದೆ. ಬೆಲೆ ಏರಿದರೆ ದಾವೆ, ಇಳಿದರೆ ಮೌನ, ಇದು ಅವರ ರೀತಿ. ಹಿಂದಿನ ೨೦ನೆಯ ಕಲಮಿನಡಿಯಲ್ಲಿ ನ್ಯಾಯಾಧೀಶನು ಇಂಥವನನ್ನು ಕಂಡು, ನಿನಗೆ ಸಂಚಕಾರವನ್ನು ಬಡ್ಡಿಯೊಡನೆ ಹಿಂದಕ್ಕೆ ಕೊಡಿಸಿದರೆ ಸಾಕು ಎನ್ನಬಹುದಾಗಿತ್ತು. ಈಗ ಆ ಬಾಗಿಲು ಮುಚ್ಚಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಸರಕಾರ ಮಂಜೂರು ಮಾಡಿದ ಜಮೀನುಗಳ ಮಟ್ಟಿಗೆ ಕರ್ನಾಟಕದ ೧೯೭೮ರ ಕಾಯಿದೆಯು ಕ್ರಯದ ಕರಾರನ್ನೂ ಪರಭಾರೆಯೆಂದೇ ಎಣಿಸಿ ತಡೆಯುತ್ತದೆ. ಮಿಕ್ಕ ಬಡ ಹಿಡುವಳಿದಾರನಿಗೆ ಅಂಥ ಗೋಡೆಯಿಲ್ಲ.

ಹಾಗಾದರೆ ವಾಸಕ್ಕೆ ಕೊಳ್ಳುವವನನ್ನೂ ಕಾಗದದ ವ್ಯಾಪಾರಿಯನ್ನೂ ಬೇರ್ಪಡಿಸುವ ಸಾಧನ ಯಾವುದು? ನಮ್ಮ ಅಭಿಪ್ರಾಯದಲ್ಲಿ ಉಳಿದಿರುವುದು ೧೬ನೆಯ ಕಲಮಿನ (ಸಿ) ಖಂಡವೊಂದೇ. ತನ್ನ ಪಾಲಿನ ಕರಾರನ್ನು ನೆರವೇರಿಸಲು ತಾನು ಮೊದಲಿನಿಂದ ಕೊನೆಯವರೆಗೆ ಸಿದ್ಧನೂ ಒಲವುಳ್ಳವನೂ ಆಗಿದ್ದೆನೆಂದು ವಾದಿಯು ರುಜುವಾತುಮಾಡಬೇಕೆಂಬುದು ಅದರ ವಿಧಿ. ಸಿದ್ಧತೆಯೆಂದರೆ ಹಣದ ಅನುಕೂಲ. ಒಲವೆಂದರೆ ನಡತೆಯಿಂದ ತೋರುವ ಮನಸ್ಸು. ಇದನ್ನು ವಾದಪತ್ರದಲ್ಲಿ ಇಂಥ ಮಾತುಗಳಲ್ಲೇ ಹೇಳಬೇಕೆಂಬ ಕಟ್ಟನ್ನು ೨೦೧೮ರಲ್ಲಿ ಸಡಿಲಿಸಿದರೂ ರುಜುವಾತಿನ ಹೊರೆಯನ್ನು ಇಳಿಸಲಿಲ್ಲ. ಊರಿನಲ್ಲಿಲ್ಲದ ವಾದಿಯು ಮುಖ್ತಿಯಾರನನ್ನು ಕಳುಹಿಸಿ ತನ್ನ ಮನಸ್ಸಿನ ಒಲವಿಗೆ ಸಾಕ್ಷಿ ಹೇಳಿಸಿದರೆ ನಡೆಯದು. ತಾನೇ ಬರಬೇಕು, ಇಲ್ಲವೆ ವ್ಯವಹಾರವನ್ನು ಸ್ವತಃ ನಡೆಸಿ ಬಲ್ಲವನು ಬರಬೇಕೆಂದು ೨೦೧೦ರಲ್ಲಿಯೇ ಪರಮೋಚ್ಚ ನ್ಯಾಯಾಲಯವು ಹೇಳಿದೆ. ಹೊರದೇಶಗಳಲ್ಲಿದ್ದುಕೊಂಡು ಮೈಸೂರು ಮಂಗಳೂರುಗಳಲ್ಲಿ ಮನೆ ಮಾಡಬಯಸುವ ನಮ್ಮವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಈ ಖಂಡವನ್ನು ನಮ್ಮ ನ್ಯಾಯಾಲಯಗಳು ಪ್ರಯೋಗಿಸುವ ರೀತಿಯಲ್ಲಿಯೇ ದೋಷವಿದೆ. ದಾವೆ ಹೂಡಿದ ಹತ್ತು ವರ್ಷಗಳ ಮೇಲೆ ವಾದಿಯ ಹಳೆಯ ಪಾಸ್‌ಬುಕ್ಕುಗಳನ್ನು ಶೋಧಿಸಿ, ಇಂಥ ತಿಂಗಳಲ್ಲಿ ನಿನ್ನ ಲೆಕ್ಕದಲ್ಲಿ ಹಣವೆಲ್ಲಿತ್ತೆಂದು ಕೇಳುವುದು ವಾಡಿಕೆಯಾಗಿದೆ. ಶ್ರೀಮಂತ ದಲ್ಲಾಳಿಗೆ ಇದು ಕಷ್ಟವಲ್ಲ. ಸಂಬಳದ ಮೇಲೆ ಬದುಕುವವನು ತಾನೇ ಸೋಲುವನು. ಏಕೆಂದರೆ ಅವನ ಹಣ ಅವನ ಲೆಕ್ಕದಲ್ಲಿರುವುದಿಲ್ಲ, ಬ್ಯಾಂಕಿನ ಸಾಲದ ಮಂಜೂರಾತಿಯಲ್ಲಿರುತ್ತದೆ. ಕ್ರಯಪತ್ರವಾಗದೆ ಬ್ಯಾಂಕು ಸಾಲವನ್ನು ಕೈಗೆ ಕೊಡುವುದಿಲ್ಲ. ಕಾಯಿದೆಯ ವಿವರಣೆಯಾದರೋ ಈ ವಿಷಯದಲ್ಲಿ ಸರಳವಾಗಿದೆ. ನ್ಯಾಯಾಲಯವು ನಿರ್ದೇಶಿಸಿದ ಹೊರತು ವಾದಿಯು ಹಣವನ್ನು ಠೇವಣಿಯಿಡಬೇಕಾಗಿಲ್ಲವೆಂದು ಅದು ಹೇಳುತ್ತದೆ. ಎಂದಮೇಲೆ ನಿರ್ದೇಶಿಸುವ ಅಧಿಕಾರ ನ್ಯಾಯಾಲಯಕ್ಕೆ ಉಂಟು. ಪ್ರತಿವಾದಿಯು ಹಾಜರಾದ ಮೊದಲ ವಿಚಾರಣೆಯಲ್ಲಿಯೇ ಬೆಲೆಯ ಬಾಕಿಯನ್ನು ಬಡ್ಡಿ ಬರುವಂತೆ ಠೇವಣಿಯಿಡಲು, ಅಥವಾ ಬ್ಯಾಂಕಿನ ಮಂಜೂರಾತಿ ಪತ್ರವನ್ನು ಹಾಜರುಪಡಿಸಲು ಆಜ್ಞೆಮಾಡಿದರೆ, ಸಿದ್ಧತೆಯ ಪ್ರಶ್ನೆ ಅಂದಿನಮಟ್ಟಿಗೆ ಅಲ್ಲಿಯೇ ಬಗೆಹರಿಯುತ್ತದೆ. ಕಾಗದದ ವ್ಯಾಪಾರಿಯು ಕೋಟಿಗಳನ್ನು ಕಟ್ಟಿ ಕೂರಲಾರನು. ಕಟ್ಟಿದನೆಂದರೆ ಆಗ ಅವನೂ ನಿಜವಾದ ಕೊಳ್ಳುವವನೇ. ಹಾಗೆ ಹಣ ಠೇವಣಿಯಾದ ಮೇಲಿನ ಬೆಲೆ ಏರಿಕೆಯನ್ನು ತೋರಿಸಿ ಹೆಚ್ಚು ಕೇಳುವ ಹಕ್ಕು ಮಾರುವವನಿಗೆ ಇರಕೂಡದು. ವಿಳಂಬದಿಂದ ಲಾಭವಿಲ್ಲವೆಂದು ತಿಳಿದರೆ ವಾಯಿದೆಗಳೂ ಕಡಮೆಯಾದಾವು.

ಇನ್ನು ಕೊಳ್ಳುವವನ ಅಜಾಗರೂಕತೆಗೆ ಬರುವ ಬೆಲೆಯೂ ಸಣ್ಣದಲ್ಲ. ೧೯೬೩ರ ಕಾಲಪರಿಮಿತಿ ಕಾಯಿದೆಯ ೫೪ನೆಯ ಅನುಚ್ಛೇದದ ಪ್ರಕಾರ, ಕರಾರಿನಲ್ಲಿ ತಾರೀಖು ಗೊತ್ತಾಗಿದ್ದರೆ ಅಂದಿನಿಂದ, ಇಲ್ಲದಿದ್ದರೆ ಮಾರುವವನು ನಿರಾಕರಿಸಿದನೆಂದು ತಿಳಿದ ದಿನದಿಂದ, ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಮೂರು ವರ್ಷಗಳಿವೆಯೆಂದು ಮೂರನೆಯ ವರ್ಷದ ಕೊನೆಯ ವಾರದವರೆಗೆ ಕಾಯುವವನಿಗೆ ಮಧುರೆಯ ತೀರ್ಪೇ ಉತ್ತರವಾಗುತ್ತದೆ. ಮಾರುವವನು ಕರಾರನ್ನು ರದ್ದುಮಾಡಿದೆನೆಂದು ನೋಟೀಸು ಕಳುಹಿಸಿದ್ದರೆ, ಆ ರದ್ದತಿ ಕಾನೂನುಬಾಹಿರವೆಂದು ಘೋಷಿಸುವಂತೆಯೂ ಕೇಳಬೇಕು. ಕೇಳದೆ ಹೂಡಿದ ದಾವೆ ನಿಲ್ಲಲಾರದೆಂದು ಬೆಂಗಳೂರಿನ ಒಂದು ಸ್ವತ್ತಿನ ಪ್ರಕರಣದಲ್ಲಿ ೨೦೧೩ರಲ್ಲಿ ತೀರ್ಪಾಯಿತು. ಅನಂತರದ ತೀರ್ಪುಗಳು ಇದಕ್ಕೆ ಕೆಲವು ಮಿತಿಗಳನ್ನು ಹಾಕಿವೆಯಾದರೂ ಆ ಸಾಲನ್ನು ವಾದಪತ್ರದಲ್ಲಿ ಬರೆಯದಿರುವುದು ದುಡುಕೇ ಸರಿ. ಡಿಕ್ರಿ ದೊರೆಯದ ಪಕ್ಷದಲ್ಲಿ ಸಂಚಕಾರವನ್ನಾದರೂ ಹಿಂದಕ್ಕೆ ಕೊಡಿಸಬೇಕೆಂಬ ಬೇಡಿಕೆಯನ್ನು ಸಹ ಪ್ರತ್ಯೇಕವಾಗಿ ಮಾಡಬೇಕು. ಕೇಳದಿದ್ದುದನ್ನು ನ್ಯಾಯಾಲಯವು ಕೊಡಕೂಡದೆಂದು ೨೨ನೆಯ ಕಲಮು ಹೇಳುತ್ತದೆ. ನ್ಯಾಯಾಲಯದ ಶುಲ್ಕವಾದರೋ ಕರ್ನಾಟಕದಲ್ಲಿ ಕೊಟ್ಟ ಮುಂಗಡದ ಮೇಲಲ್ಲ, ಕರಾರಿನ ಪೂರ್ಣ ಬೆಲೆಯ ಮೇಲೆ. ಮನೆಯೂ ಇಲ್ಲದೆ ಮುಂಗಡವೂ ಇಲ್ಲದೆ ನಿಂತವನು ಇಷ್ಟನ್ನೂ ಹೊಂದಿಸಿಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.

ಛಾಪಾ ಕಾಗದದ ಗಂಡಾಂತರವು ಮತ್ತೊಂದು. ಕರಾರುಪತ್ರದಲ್ಲಿ 'ಸ್ವಾಧೀನವನ್ನು ಈ ದಿನವೇ ಬಿಟ್ಟುಕೊಟ್ಟಿದೆ' ಎಂಬ ಒಂದು ಸಾಲನ್ನು ಬರಹಗಾರನು ರೂಢಿಯಂತೆ ಸೇರಿಸಿಬಿಡುತ್ತಾನೆ. ಆ ಸಾಲಿದ್ದರೆ ಕರ್ನಾಟಕದ ೧೯೫೭ರ ಸ್ಟಾಂಪು ಕಾಯಿದೆಯ ಪ್ರಕಾರ ಕ್ರಯಪತ್ರಕ್ಕೆ ತೆರುವಷ್ಟೇ ಶುಲ್ಕವನ್ನು ಕರಾರಿಗೂ ತೆರಬೇಕು. ನೂರು ರೂಪಾಯಿ ಕಾಗದದ ಮೇಲೆ ಬರೆದದ್ದನ್ನು ಸಾಕ್ಷ್ಯಕ್ಕೆ ಹಾಜರುಮಾಡಿದ ದಿನ ನ್ಯಾಯಾಲಯವು ಅದನ್ನು ಜಪ್ತುಮಾಡಿ, ಕೊರತೆಯ ಶುಲ್ಕವನ್ನೂ ಅದರ ಹತ್ತರಷ್ಟು ದಂಡವನ್ನೂ ಕಟ್ಟೆನ್ನುತ್ತದೆ. ಎಷ್ಟೋ ದಾವೆಗಳು ಸತ್ಯಾಸತ್ಯದ ವಿಚಾರಣೆಗೆ ಬರುವ ಮೊದಲೇ ಈ ಹಳ್ಳದಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ.

ನೋಂದಣಿಯ ವಿಷಯ ಇದಕ್ಕಿಂತ ಹೆಚ್ಚು ವಿಚಾರಾರ್ಹವಾದದ್ದು. ಸ್ವಾಧೀನವಿಲ್ಲದ ಸಾಮಾನ್ಯ ಕರಾರಿಗೆ ೧೯೦೮ರ ಕೇಂದ್ರ ನೋಂದಣಿ ಕಾಯಿದೆಯು ನೋಂದಣಿಯನ್ನು ಕಡ್ಡಾಯಮಾಡಲಿಲ್ಲ. ಸ್ವಾಧೀನ ಪಡೆದವನು ಅದನ್ನು ಉಳಿಸಿಕೊಳ್ಳಲು ೫೩-ಎ ಕಲಮಿನ ಆಸರೆಯನ್ನು ಕೇಳಬೇಕಾದರೆ ಮಾತ್ರ ೨೦೦೧ರಿಂದೀಚೆಗೆ ನೋಂದಣಿ ಬೇಕು. ತಮಿಳುನಾಡು ೨೦೧೨ರಲ್ಲಿ ತನ್ನ ತಿದ್ದುಪಡಿಯಿಂದ ಎಲ್ಲ ಕರಾರುಗಳಿಗೂ ಕಡ್ಡಾಯಮಾಡಿತು. ಹಾಗಿದ್ದರೂ ನೋಂದಣಿಯಾಗದ ಕರಾರನ್ನು ನಿರ್ದಿಷ್ಟ ಪಾಲನೆಯ ದಾವೆಯಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ೨೦೨೩ರಲ್ಲಿ ಪರಮೋಚ್ಚ ನ್ಯಾಯಾಲಯವು ಹೇಳಿದೆ. ಹೀಗೆ ಮಾರುವವನೊಬ್ಬನ ವಿರುದ್ಧವಾದರೆ ನೋಂದಣಿಯಿಲ್ಲದ ಕಾಗದವೂ ಸಾಕಾದೀತು. ಸಂಕಟ ಬರುವುದು ಮೂರನೆಯವನೊಬ್ಬನು ನಡುವೆ ಬಂದಾಗ. ಮಾರುವವನು ಹೆಚ್ಚಿನ ಬೆಲೆಗೆ ಅದೇ ಸ್ವತ್ತನ್ನು ಬೇರೊಬ್ಬನಿಗೆ ಕ್ರಯ ಬರೆದುಕೊಟ್ಟುಬಿಟ್ಟರೆ, ಆ ಎರಡನೆಯವನು ಮೊದಲಿನ ಕರಾರನ್ನು ಅರಿತಿದ್ದ ಪಕ್ಷದಲ್ಲಿ ಅವನೂ ಸೇರಿ ಕ್ರಯಪತ್ರಕ್ಕೆ ಸಹಿಮಾಡುವಂತೆ ಡಿಕ್ರಿಯಾಗಬೇಕೆಂಬುದು ೧೯೫೩ರಿಂದ ನಡೆದುಬಂದ ಕ್ರಮ. ಅರಿಯದೆ, ಸದ್ಭಾವನೆಯಿಂದ, ಬೆಲೆ ತೆತ್ತು ಕೊಂಡವನಾದರೆ ೧೯ನೆಯ ಕಲಮು ಅವನನ್ನು ಕಾಪಾಡುತ್ತದೆ; ಮೊದಲಿನವನಿಗೆ ಹಣದ ದಾವೆಯಷ್ಟೇ ಗತಿ. ಕರಾರನ್ನು ಸ್ವಇಚ್ಛೆಯಿಂದ ನೋಂದಾಯಿಸಿದ್ದರೆ ಋಣಭಾರ ಪ್ರಮಾಣಪತ್ರದಲ್ಲಿ ಅದು ಕಾಣುವುದರಿಂದ ಎರಡನೆಯವನು ತಿಳಿಯದೆಂದು ಹೇಳುವುದು ಕಷ್ಟವಾಗುತ್ತದೆ. ಆದರೆ ನೋಂದಣಿಯೇ ಲೋಕಕ್ಕೆಲ್ಲ ತಿಳಿವಳಿಕೆಯೆಂದು ಕಾಯಿದೆಯು ಭಾವಿಸುವುದು ನೋಂದಣಿ ಕಡ್ಡಾಯವಾದ ವ್ಯವಹಾರಗಳಲ್ಲಿ ಮಾತ್ರ. ಈ ಸಂದಿನಲ್ಲಿಯೇ ಮೋಸಗಳೆಲ್ಲ ನುಸುಳುತ್ತವೆ.

ಡಿಕ್ರಿ ಕೈಗೆ ಬಂದ ಮೇಲಾದರೂ ದಾರಿ ಸುಗಮವೇ? ಮಾರುವವನು ಸಹಿಹಾಕಲು ಒಪ್ಪದಿದ್ದರೆ ನ್ಯಾಯಾಲಯವೇ ಅವನ ಪರವಾಗಿ ಕ್ರಯಪತ್ರವನ್ನು ಬರೆದುಕೊಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ, ಸರಿ. ಆದರೆ ಡಿಕ್ರಿಯಲ್ಲಿ ಹೇಳಿದ ಗಡುವಿನೊಳಗೆ ಬಾಕಿ ಹಣವನ್ನು ಕಟ್ಟದೆ ಹೋದರೆ ಗೆದ್ದ ಕರಾರನ್ನೇ ರದ್ದುಮಾಡಿಸಿಕೊಳ್ಳಲು ೨೮ನೆಯ ಕಲಮು ಮಾರುವವನಿಗೆ ದಾರಿ ಕೊಡುತ್ತದೆ. ಮೇಲ್ಮನವಿಯ ಗದ್ದಲದಲ್ಲಿ ಈ ಗಡುವನ್ನು ಮರೆತು ಗೆದ್ದದ್ದನ್ನು ಕಳೆದುಕೊಂಡವರು ಇದ್ದಾರೆ.

ಬಹುಮಹಡಿ ವಸತಿಗಳನ್ನು ಕಟ್ಟಿ ಮಾರುವವರ ವಿಷಯದಲ್ಲಿ ಸಂಸತ್ತು ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯಲ್ಲಿ ಒಳ್ಳೆಯದೊಂದು ನಿಯಮವನ್ನು ಮಾಡಿದೆ. ನೋಂದಾಯಿತ ಕರಾರಾಗದೆ ಬೆಲೆಯ ಶೇಕಡ ೧೦ಕ್ಕಿಂತ ಹೆಚ್ಚಿನ ಹಣವನ್ನು ಅವರು ತೆಗೆದುಕೊಳ್ಳುವಂತಿಲ್ಲ. ಒಬ್ಬನ ಹಳೆಯ ಮನೆಯನ್ನೋ ನಿವೇಶನವನ್ನೋ ಇನ್ನೊಬ್ಬನು ಕೊಳ್ಳುವಾಗ ಇದೇ ರಕ್ಷಣೆ ಏಕಿರಬಾರದು? ಕೇಂದ್ರ ಸರಕಾರವು ೨೦೨೫ರಲ್ಲಿ ಜನಾಭಿಪ್ರಾಯಕ್ಕಾಗಿ ಪ್ರಕಟಿಸಿದ ನೋಂದಣಿ ಮಸೂದೆಯ ಕರಡಿನಲ್ಲಿ ಕ್ರಯದ ಕರಾರುಗಳನ್ನೂ ಕಡ್ಡಾಯ ನೋಂದಣಿಯ ಪಟ್ಟಿಗೆ ಸೇರಿಸುವ ಸೂಚನೆಯಿತ್ತು. ಅದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಕರಾರಿಗೊಂದು ಶುಲ್ಕ, ಕ್ರಯಪತ್ರಕ್ಕೆ ಮತ್ತೊಂದು ಶುಲ್ಕವೆಂದು ಎರಡು ಬಾರಿ ವಸೂಲು ಮಾಡಹೊರಟರೆ ಜನರು ಮತ್ತೆ ನೂರು ರೂಪಾಯಿಯ ಕಾಗದಕ್ಕೇ ಹಿಂದಿರುಗುವರು. ಕರಾರಿನ ನೋಂದಣಿಗೆ ನಾಮಮಾತ್ರದ ಶುಲ್ಕವನ್ನಿಟ್ಟು, ತೆತ್ತದ್ದನ್ನು ಕ್ರಯಪತ್ರದ ಕಾಲದಲ್ಲಿ ವಜಾಮಾಡಿಕೊಟ್ಟು, ಗೊತ್ತಾದ ಅವಧಿ ಕಳೆದು ದಾವೆಯೂ ಇಲ್ಲದ ಕರಾರುಗಳನ್ನು ಋಣಭಾರದ ಪಟ್ಟಿಯಿಂದ ಸುಲಭವಾಗಿ ತೆಗೆಸಿಕೊಳ್ಳುವ ಏರ್ಪಾಡನ್ನು ಮಾರುವವನಿಗೂ ಕೊಡಬೇಕು. ಶುಲ್ಕದ ದರವನ್ನು ಗೊತ್ತುಮಾಡುವ ಅಧಿಕಾರ ರಾಜ್ಯ ಸರಕಾರದ ಕೈಯಲ್ಲಿಯೇ ಇದೆ. ಇದಕ್ಕಾಗಿ ಬೆಂಗಳೂರು ದೆಹಲಿಯ ಕಡೆ ನೋಡಬೇಕಾಗಿಲ್ಲ.